ಹಸಿದವರಿಗೆಂದು ಮಾಡಿದ ಪುಡಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಾನು ಔಷಧದ ಅಂಗಡಿ ತೆರೆದ ಕಾಲಕ್ಕೆ ಪ್ರೋಟೀನ್ ಪುಡಿ ಅಂದರೆ ಕಾಯಿಲೆಯವರ ಸಾಮಾನು. ಪ್ರೋಟಿನೆಕ್ಸ್ ಡಬ್ಬಿ ಕೇಳಿಕೊಂಡು ಬರುತ್ತಿದ್ದವರು ಬಾಣಂತಿಯ ತಾಯಿ, ಕ್ಷಯದ ಮಾತ್ರೆ ನುಂಗುತ್ತಿದ್ದವನ ಹೆಂಡತಿ, ಆಪರೇಷನ್ ಆಗಿ ಮಲಗಿದ್ದ ಮುದುಕನ ಮಗ. ಗರಡಿಯ ಹುಡುಗರು ಅಂಗಡಿಗೆ ಬರುತ್ತಿದ್ದದ್ದು ಅಯೋಡೆಕ್ಸಿಗೆ, ಬ್ಯಾಂಡೇಜಿಗೆ, ಇಲ್ಲವೇ ಕುಸ್ತಿಯಲ್ಲಿ ಕಿವಿ ಜಜ್ಜಿ ಊದಿಕೊಂಡಾಗ. ಪುಡಿ ಕುಡಿದು ಮೈ ಬೆಳೆಸುವ ಮಾತನ್ನು ಅವರ ಮುಂದೆ ಎತ್ತಿದ್ದರೆ ನಕ್ಕು ಹೋಗುತ್ತಿದ್ದರು. ಪುಡಿ ಬೇಕಾದವನು ಬಲಹೀನ ಎಂಬುದು ಅವರ ಖಚಿತ ನಂಬಿಕೆ.

ಈಗ ಅಂಗಡಿಗಳಲ್ಲಿ ಕಪ್ಪು ಬಣ್ಣದ ದೊಡ್ಡ ದೊಡ್ಡ ಡಬ್ಬಿಗಳು. ಮೇಲೆ ಬಿಸಿಎಎ, ಇಎಎ, ಪ್ರೀ-ವರ್ಕೌಟ್ ಎಂಬ ಅಕ್ಷರಗಳು, ಗುಡುಗು ಮಿಂಚಿನ ಚಿತ್ರ, ಕಲ್ಲಂಗಡಿ ಅಥವಾ ಬ್ಲೂಬೆರಿ ಸ್ವಾದ. ಕೊಳ್ಳುವವರು ಇಪ್ಪತ್ತರ ಹುಡುಗರು, ಈಚೆಗೆ ಹುಡುಗಿಯರೂ. ಇದನ್ನೆಲ್ಲ ಅಮೆರಿಕದ ಬಾಡಿಬಿಲ್ಡರುಗಳು ಕಂಡುಹಿಡಿದರು ಎಂದು ಅವರಲ್ಲಿ ಬಹಳ ಜನ ಭಾವಿಸಿದ್ದಾರೆ. ನಿಜವಾದ ಕಥೆ ಬೇರೆ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಿಸಿ ಊಟಕ್ಕೆ ಬೆರೆಸುವ ದೊಡ್ಡ ಯೋಜನೆ ಹುಟ್ಟಿದ್ದು ಹಸಿದವರ ಹೆಸರಿನಲ್ಲಿ, ಅದರಲ್ಲೂ ನಮ್ಮ ದೇಶದ ಹಸಿದವರ ಹೆಸರಿನಲ್ಲಿ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲೇ. ಹಸಿದವರ ಬಳಿ ಅದು ನಿಲ್ಲಲಿಲ್ಲ. ಹೊಟ್ಟೆ ತುಂಬಿದವರನ್ನು ಹುಡುಕಿಕೊಂಡು ಹೋಯಿತು.

ಮೊದಲು ಗರಡಿಯ ಊಟದ ಮಾತು. ನಮ್ಮ ಸೋದರಮಾವ ಕುಸ್ತಿ ಆಡುತ್ತಿದ್ದರು. ನಸುಕಿಗೆ ಎದ್ದು ಲಂಗೋಟಿ ಬಿಗಿದು ಹನುಮಂತನಿಗೆ ಕೈಮುಗಿದು, ಅಖಾಡದ ಕೆಮ್ಮಣ್ಣು ಅಗೆದು ಹದ ಮಾಡುವುದರಿಂದಲೇ ಸಾಮು ಶುರು. ದಂಡ, ಬಸ್ಕಿ, ಗದೆ, ಆಮೇಲೆ ಜೋಡಿಯ ಜೊತೆ ಪಟ್ಟು. ಬೆವರು ಆರಿದ ಮೇಲೆ ರಾತ್ರಿಯೇ ನೆನೆಹಾಕಿದ್ದ ಬಾದಾಮಿಯ ಸಿಪ್ಪೆ ಸುಲಿದು, ಕಲ್ಲಿನಲ್ಲಿ ನುಣ್ಣಗೆ ಅರೆದು, ಹಾಲಿಗೆ ಹಾಕಿ ಕುಡಿಯುವುದು. ಮೊಳಕೆ ಬಂದ ಕಡಲೆಕಾಳು, ತುಪ್ಪ, ನಾಟಿ ಮೊಟ್ಟೆ, ಅನುಕೂಲ ಇದ್ದ ದಿನ ಕಾಲುಸೂಪು. ಮಧ್ಯಾಹ್ನಕ್ಕೆ ಮುದ್ದೆ, ಅವರೆಕಾಳು ಸಾರು. ಯಾರು ಎಷ್ಟು ಬಸ್ಕಿ ಹೊಡೆಯಬೇಕು, ಯಾರು ಎಷ್ಟು ಹಾಲು ಕುಡಿಯಬೇಕು ಎಂಬ ಎರಡು ಲೆಕ್ಕವೂ ಉಸ್ತಾದರ ಬಾಯಲ್ಲೇ ಇರುತ್ತಿತ್ತು. ಅಜ್ಜಿಯದು ಮೂರನೆಯ ಲೆಕ್ಕ: "ಇವನು ಗೆದ್ದು ತರೋ ಬೆಳ್ಳಿ ಗದೆ ಮಾರಿದರೂ ಹಾಲಿನವಳ ಬಾಕಿ ತೀರಲ್ಲ."

ಅಜ್ಜಿಯ ಗೊಣಗಾಟದಲ್ಲಿ ಚರಿತ್ರೆ ಇತ್ತು. ಪೈಲ್ವಾನನ ಹೊಟ್ಟೆ ತುಂಬಿಸುವುದು ಮನೆಯಿಂದ ಆಗುವ ಕೆಲಸ ಅಲ್ಲವೆಂದು ಬಹು ಹಿಂದೆಯೇ ಗೊತ್ತಿತ್ತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿ ನೋಡಿ ವಿಂಗಡಿಸುವುದು, ಅವರ ವ್ಯಾಯಾಮದ ಬಗೆಗಳು, ಅವರ ಊಟ ಎಲ್ಲ ಅಲ್ಲಿ ಬರುತ್ತದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಇವನ್ನೆಲ್ಲ ಒದಗಿಸುವ ಹೊಣೆ ರಾಜನದು. ಕಲ್ಯಾಣ ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮೈಸೂರಿನಲ್ಲೂ ಇದೇ ಏರ್ಪಾಡು ಬಹಳ ಕಾಲ ನಡೆಯಿತು. ದಸರಾ ಕುಸ್ತಿಗೆ, ವಿಜಯದಶಮಿಯ ಬೆಳಿಗ್ಗೆ ತಲೆ ಬೋಳಿಸಿಕೊಂಡ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗಕ್ಕೆ, ಅರಮನೆಯ ಆಶ್ರಯವಿತ್ತು. 1971ರಲ್ಲಿ ರಾಜಧನ ರದ್ದಾದ ಮೇಲೂ ಕಾಳಗ ಉಳಿಯಿತು, ದಸರೆಗೆ ಜೋಡಿ ಕಟ್ಟುವುದೂ ಉಳಿಯಿತು. ಹಾಲಿನ ಲೆಕ್ಕ ಮಾತ್ರ ಪೂರ್ತಿಯಾಗಿ ಮನೆಯವರ ತಲೆಗೆ ಬಂತು.

ಈ ಊಟವನ್ನು ಇವತ್ತಿನ ಡಬ್ಬಿಯ ಭಾಷೆಯಲ್ಲಿ ಹೇಳಬಹುದು. ಒಂದು ಲೀಟರ್ ಹಾಲಿನಲ್ಲಿ 32 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಅದರಲ್ಲಿ ಲ್ಯೂಸಿನ್ ಎಂಬ ಒಂದೇ ಅಮೈನೋ ಆಮ್ಲ 3 ಗ್ರಾಂ. ಬಿಸಿಎಎ ಡಬ್ಬಿಯ ಒಂದು ಚಮಚದಲ್ಲಿ ಸಾಮಾನ್ಯವಾಗಿ ಸಿಗುವ ಲ್ಯೂಸಿನ್ ಇದಕ್ಕಿಂತ ಹೆಚ್ಚಿಲ್ಲ. ರಾಗಿಯಲ್ಲಿ ಪ್ರೋಟೀನ್ ಕಮ್ಮಿ, ನೂರಕ್ಕೆ 7 ಗ್ರಾಂ ಮಾತ್ರ. ಆದರೆ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ರಾಗಿಯಲ್ಲಿ ಚೆನ್ನಾಗಿದೆ, ಲೈಸಿನ್ ಎಂಬುದು ಕೊರತೆ. ಅವರೆಕಾಳಿನಲ್ಲಿ ಉಲ್ಟಾ: ಲೈಸಿನ್ ಧಾರಾಳ, ಮೆಥಿಯೋನಿನ್ ಕೊರತೆ. ಒಂದೇ ತಣಿಗೆಯಲ್ಲಿ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗಂತ ನಮ್ಮ ಪೂರ್ವಿಕರಿಗೆ ಎಲ್ಲ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಅವರೆಕಾಯಿ ಕಾಲಕ್ಕೆ ಅವರೆಕಾಯಿ ಅಗ್ಗ, ಅದಕ್ಕೇ ತಿಂದರು. ತಿಂದದ್ದು ಒಳ್ಳೆಯದಾಯಿತು, ಅಷ್ಟೆ.

ಪ್ರೋಟೀನನ್ನು ಒಡೆದು ಅಮೈನೋ ಆಮ್ಲ ತೆಗೆಯುವ ವಿದ್ಯೆ ಯುರೋಪಿನಲ್ಲಿ ಶುರುವಾದದ್ದು ಫ್ರಾನ್ಸಿನ ನಾನ್ಸಿ ಊರಿನಲ್ಲಿ. 1820ರಲ್ಲಿ ಆನ್ರಿ ಬ್ರಾಕೊನೊ ಎಂಬ ರಸಾಯನಜ್ಞ ಜೆಲಟಿನ್ನು, ಮಾಂಸ ಇವನ್ನೆಲ್ಲ ಗಂಧಕಾಮ್ಲದಲ್ಲಿ ಕುದಿಸಿ ಹರಳುಗಳನ್ನು ಪಡೆದ. ಸಿಹಿಯಾಗಿದ್ದದ್ದು ಗ್ಲೈಸಿನ್, ಮಾಂಸದಿಂದ ಬಂದ ಬಿಳಿಯ ಹರಳು ಲ್ಯೂಸಿನ್. ಇವತ್ತು ಜಿಮ್ಮಿನವರು ಜಪಿಸುವ ಹೆಸರಿಗೆ ಇನ್ನೂರು ವರ್ಷ ದಾಟಿದೆ. ಅದಾದ ಮೇಲೆ ಜರ್ಮನಿಯ ಯೂಸ್ಟುಸ್ ಲೀಬಿಗ್ ಒಂದು ಸಿದ್ಧಾಂತ ಕಟ್ಟಿದ. ಸ್ನಾಯು ಕೆಲಸ ಮಾಡುವಾಗ ತನ್ನನ್ನೇ, ಅಂದರೆ ಪ್ರೋಟೀನನ್ನೇ, ಉರಿಸುತ್ತದೆ. ಆದ್ದರಿಂದ ದುಡಿಯುವವನಿಗೆ ಮಾಂಸವೇ ಇಂಧನ. 1860ರ ದಶಕದಲ್ಲಿ ಅವನ ಹೆಸರು ಹೊತ್ತ ಮಾಂಸದ ಸಾರ ದಕ್ಷಿಣ ಅಮೆರಿಕದ ಉರುಗ್ವೆಯಿಂದ ಯುರೋಪಿಗೆ ಬರತೊಡಗಿತು. ಆಹಾರಶಾಸ್ತ್ರದ ದೊಡ್ಡ ಹೆಸರು ಡಬ್ಬಿಯ ಮೇಲೆ ಕೂತದ್ದು ಅಲ್ಲಿಂದ.

ಆ ಸಿದ್ಧಾಂತವನ್ನು ಬೀಳಿಸಿದವರು ಇಬ್ಬರು ಬೆಟ್ಟ ಹತ್ತಿದವರು. 1865ರ ಆಗಸ್ಟಿನಲ್ಲಿ ಆಡಾಲ್ಫ್ ಫಿಕ್, ಯೋಹಾನೆಸ್ ವಿಸ್ಲಿಸೆನುಸ್ ಎಂಬ ಪ್ರಾಧ್ಯಾಪಕರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಏರಿದರು. ಬ್ರೀನ್ಜ್ ಸರೋವರದ ದಡದಿಂದ 1,956 ಮೀಟರ್ ಎತ್ತರ. ಹಿಂದಿನ ದಿನದಿಂದಲೇ ಪ್ರೋಟೀನ್ ಬಿಟ್ಟಿದ್ದರು. ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಸಕ್ಕರೆ ಹಾಕಿದ ಟೀ ಇಂಥವೇ ಊಟ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಶೇಖರಿಸಿ, ಅದರಲ್ಲಿನ ಸಾರಜನಕದಿಂದ ಮೈಯಲ್ಲಿ ಎಷ್ಟು ಪ್ರೋಟೀನ್ ಕರಗಿತು ಎಂದು ಲೆಕ್ಕ ಹಾಕಿದರು. ಕರಗಿದ್ದು ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಏನೇನೂ ಸಾಲದು. ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ಪ್ರೋಟೀನು ಸ್ನಾಯುವನ್ನು ಕಟ್ಟುತ್ತದೆ, ದುರಸ್ತಿ ಮಾಡುತ್ತದೆ. ಓಡಿಸುವುದು ಹೆಚ್ಚಿನ ಮಟ್ಟಿಗೆ ಬೇರೆಯವು. ಇಷ್ಟು ಹಳೆಯ ಸಂಗತಿ ಇನ್ನೂ ಎಷ್ಟೋ ಜಿಮ್ಮಿನ ಮೆಟ್ಟಿಲು ಹತ್ತಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1930ರ ದಶಕದಲ್ಲಿ ಥ್ರಿಯೋನಿನ್ ಕಂಡುಹಿಡಿದು, ಆಮೇಲಿನ ದಶಕದಲ್ಲಿ ತನ್ನ ವಿದ್ಯಾರ್ಥಿಗಳಿಗೇ ಶುದ್ಧ ಅಮೈನೋ ಆಮ್ಲಗಳ ಊಟ ಹಾಕಿದ. ಪಿಷ್ಟದ ಬಿಲ್ಲೆ, ಬೆಣ್ಣೆಯ ಕೊಬ್ಬು, ಸಕ್ಕರೆ, ಪ್ರೋಟೀನಿನ ಬದಲಿಗೆ ಹರಳುಗಳ ಮಿಶ್ರಣ. ಒಂದೊಂದೇ ಆಮ್ಲವನ್ನು ತೆಗೆದು ನೋಡುವುದು. ಕೆಲವನ್ನು ತೆಗೆದರೆ ಏನೂ ಆಗದು. ಕೆಲವನ್ನು ತೆಗೆದರೆ ಹುಡುಗರ ಹಸಿವು ಕೆಡುತ್ತಿತ್ತು, ಸಿಡುಕುತ್ತಿದ್ದರು, ಮೈಯಿಂದ ಸಾರಜನಕ ಸೋರಿಹೋಗುತ್ತಿತ್ತು. ಹಾಗೆ ವಯಸ್ಕರಿಗೆ ಎಂಟು ಅಮೈನೋ ಆಮ್ಲಗಳು ಊಟದಿಂದಲೇ ಬರಬೇಕು ಎಂದು ಗೊತ್ತಾಯಿತು. ಹಿಸ್ಟಿಡಿನ್ ಸೇರಿ ಅದು ಮುಂದೆ ಒಂಬತ್ತಾಯಿತು. ಇವತ್ತಿನ ಇಎಎ, ಅಂದರೆ ಅವಶ್ಯಕ ಅಮೈನೋ ಆಮ್ಲಗಳ, ಡಬ್ಬಿಯ ಹಿಂಬದಿಯ ಪಟ್ಟಿ ಆ ಹುಡುಗರ ಸಿಡುಕಿನಿಂದ ಬಂದದ್ದು.

ಈಗ ಮೈಸೂರಿಗೆ ಬರೋಣ. ರಾಜಕುಮಾರಿ ಚೆಲುವಾಜಮ್ಮಣ್ಣಿಗೆಂದು ಕಟ್ಟಿದ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಶುರುವಾಯಿತು. ನಮ್ಮೂರಲ್ಲಿ ಅದಕ್ಕೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಸಿಎಫ್‌ಟಿಆರ್‌ಐ ಅಷ್ಟೆ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಸ್ವಾತಂತ್ರ್ಯ ಬಂದು ಮೂರೇ ವರ್ಷ, ಬಂಗಾಳದ ಕ್ಷಾಮದ ನೆನಪು ಹಸಿ. ಮಕ್ಕಳ ಊಟದಲ್ಲಿ ಪ್ರೋಟೀನ್ ಇಲ್ಲ, ಅದಕ್ಕೆ ಅಗ್ಗದ ದಾರಿ ಹುಡುಕಬೇಕು ಎಂಬುದು ಅಲ್ಲಿಯ ದೊಡ್ಡ ಚಿಂತೆ. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು ಆವರೆಗೆ ದನಗಳಿಗೆ ಹಾಕುತ್ತಿದ್ದರು. ಅದನ್ನು ಮನುಷ್ಯರು ತಿನ್ನುವಂತೆ ಶುದ್ಧವಾಗಿ ಹಿಟ್ಟು ಮಾಡಿ, ಮುಕ್ಕಾಲು ಪಾಲು ಅದು, ಕಾಲು ಪಾಲು ಕಡಲೆಹಿಟ್ಟು, ಮೇಲೆ ಜೀವಸತ್ವ ಮತ್ತು ಕ್ಯಾಲ್ಸಿಯಂ ಸೇರಿಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂದು ಹೊರತಂದರು. ಸಾರಿಗೆ, ಉಪ್ಪಿಟ್ಟಿಗೆ, ಮುದ್ದೆಗೆ ಒಂದಿಷ್ಟು ಬೆರೆಸಿಕೊಳ್ಳಬಹುದಾದ ಪುಡಿ. ನನ್ನ ಲೆಕ್ಕದಲ್ಲಿ ಇವತ್ತಿನ ಜಿಮ್ಮಿನ ಡಬ್ಬಿಗೆ ಮೈಸೂರಿನ ಮುತ್ತಜ್ಜಿ ಇದೇ.

ಆ ಸಂಸ್ಥೆಯ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಾಗಿಯ ಬಡ ಊಟದಲ್ಲಿ ಇದ್ದ ಮಕ್ಕಳಿಗೆ ಲೈಸಿನ್, ಥ್ರಿಯೋನಿನ್ ಹರಳನ್ನೇ ಬೆರೆಸಿ ಕೊಟ್ಟು, ಮೈಯಲ್ಲಿ ಎಷ್ಟು ಸಾರಜನಕ ಉಳಿಯುತ್ತದೆ ಎಂದು 1960ರ ದಶಕದಲ್ಲಿ ಅಳೆದರು. ಬೆರೆಸಿದಾಗ ಹೆಚ್ಚು ಉಳಿಯಿತು. ಅಮೈನೋ ಆಮ್ಲವನ್ನು ಪೂರಕವಾಗಿ ಕೊಟ್ಟು ಫಲ ಅಳೆಯುವ ಕೆಲಸ ನಮ್ಮ ಊರಿನಲ್ಲಿ, ನಮ್ಮ ಮುದ್ದೆಯ ಮೇಲೆಯೇ ನಡೆದಿದೆ ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ.

ಆ ಹರಳು ಅಗ್ಗವಾದದ್ದು ಎಲ್ಲಿ? ಜಪಾನಿನಲ್ಲಿ. ಅಲ್ಲಿ 1908ರಲ್ಲಿ ಇಕೆಡಾ ಕಿಕುನಾಯೆ ಎಂಬ ಪ್ರೊಫೆಸರು ಕೊಂಬು ಎಂಬ ಕಡಲ ಪಾಚಿಯ ಸಾರಿನ ರುಚಿಯ ಗುಟ್ಟು ಗ್ಲುಟಮೇಟ್ ಎಂದು ಕಂಡುಕೊಂಡಿದ್ದ. ನಮ್ಮ ಗೋಬಿ ಮಂಚೂರಿ ಗಾಡಿಯ ಅಜಿನೊಮೊಟೊ ಹುಟ್ಟಿದ್ದು ಹಾಗೆ. ಅರ್ಧ ಶತಮಾನ ಅದನ್ನು ಗೋಧಿಯಿಂದ, ಸೋಯಾದಿಂದ ಆಮ್ಲದಲ್ಲಿ ಕುದಿಸಿ ತೆಗೆಯುತ್ತಿದ್ದರು. 1956ರಲ್ಲಿ ಕ್ಯೋವಾ ಹಕ್ಕೊ ಕಂಪನಿಯ ಕಿನೋಶಿತ ಶುಕುವೊ ತಂಡಕ್ಕೆ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಸಕ್ಕರೆ ತಿನ್ನಿಸಿದರೆ ಅದು ಗ್ಲುಟಮೇಟನ್ನು ಹೊರಗೆ ಸುರಿಯುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದೇ ಜಾತಿಯ ಮಾರ್ಪಟ್ಟ ತಳಿ ಲೈಸಿನ್ ಸುರಿಯಿತು. ಕಾಕಂಬಿ ಒಳಗೆ ಹಾಕಿ ಅಮೈನೋ ಆಮ್ಲ ಹೊರಗೆ ತೆಗೆಯುವ ಕಾಲ ಶುರುವಾಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯಾಪಾರದ ತಿರುವು ಅದೊಂದೇ. ಅದಕ್ಕೆ ಮೊದಲು ಲೈಸಿನ್ ಎಂದರೆ ಪ್ರಯೋಗಾಲಯದ ಚಿಕ್ಕ ಸೀಸೆ; ಆಮೇಲೆ ಅದು ಮೂಟೆ.

ಮೂಟೆ ಇದ್ದ ಮೇಲೆ ಅದಕ್ಕೆ ಬಾಯಿ ಬೇಕಲ್ಲ. 1968ರಲ್ಲಿ ವಿಶ್ವಸಂಸ್ಥೆ ಪ್ರಪಂಚಕ್ಕೆ ಪ್ರೋಟೀನ್ ಸಂಕಟ ಎರಗಲಿದೆ ಎಂದು ವರದಿಯನ್ನೇ ಹೊರಡಿಸಿತು. ಗೋಧಿ ತಿನ್ನುವವರಿಗೆ ಲೈಸಿನ್, ಅಕ್ಕಿ ತಿನ್ನುವವರಿಗೆ ಲೈಸಿನ್ ಜೊತೆ ಥ್ರಿಯೋನಿನ್. ಹಿಟ್ಟಿನ ಗಿರಣಿಯಲ್ಲೇ ಬೆರೆಸಿಬಿಟ್ಟರೆ ಜನ ತಮ್ಮ ಊಟ ಬದಲಿಸಬೇಕಾಗಿಲ್ಲ ಎಂಬುದು ವಾದ. ನಮ್ಮಲ್ಲಿ ಕೇಂದ್ರ ಸರ್ಕಾರ 1965ರಲ್ಲಿ ಸ್ಥಾಪಿಸಿದ್ದ ಮಾಡರ್ನ್ ಬೇಕರೀಸ್ 1968ರಿಂದ ಜೀವಸತ್ವದ ಜೊತೆ ಲೈಸಿನ್ ಬೆರೆಸಿದ ಬ್ರೆಡ್ ಮಾರಿತು. ಬೆಂಗಳೂರಿನಲ್ಲೂ ಅದರ ಕಾರ್ಖಾನೆ ಇತ್ತು. ಮೇಣದ ಕಾಗದ ಸುತ್ತಿದ ಆ ಮಾಡರ್ನ್ ಬ್ರೆಡ್ಡನ್ನು ನನ್ನ ಓರಗೆಯವರು ಯಾರೂ ಮರೆತಿಲ್ಲ. ನಮ್ಮ ಮನೆಯಲ್ಲಿ ಜ್ವರ ಬಂದವರಿಗೆ ಮಾತ್ರ ತರುತ್ತಿದ್ದರು. ಯೋಜನೆಯ ದೋಷವೂ ಅಲ್ಲೇ ಕಾಣುತ್ತದೆ. ಬ್ರೆಡ್ ಕೊಳ್ಳುತ್ತಿದ್ದವರು ಪಟ್ಟಣದ, ನಾಲ್ಕು ಕಾಸಿದ್ದ ಜನ. ಲೈಸಿನ್ ಬೇಕಾಗಿದ್ದ ಕೂಲಿಯವನ ಮಗು ಬ್ರೆಡ್ಡಿನ ಮುಖ ಕಂಡಿರಲಿಲ್ಲ.

ಆಮೇಲೆ ಬುಡವೇ ಅಲ್ಲಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಮಕ್ಕಳ ಊಟವನ್ನು ಅಳೆದು ಹೇಳಿದ್ದು ಸರಳ: ಈ ಮಕ್ಕಳಿಗೆ ಪ್ರೋಟೀನಿಗಿಂತ ಮೊದಲು ಊಟವೇ ಸಾಲುತ್ತಿಲ್ಲ, ಅದೇ ಬೇಳೆ ಅನ್ನವನ್ನು ಹೊಟ್ಟೆ ತುಂಬ ಕೊಟ್ಟರೆ ಪ್ರೋಟೀನೂ ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಉಪವಾಸದಲ್ಲಿರುವ ಮೈ ಕೊಟ್ಟ ಪ್ರೋಟೀನನ್ನೇ ಸೌದೆ ಮಾಡಿಕೊಳ್ಳುತ್ತದೆ, ಕಟ್ಟಡಕ್ಕೆ ಉಳಿಸುವುದಿಲ್ಲ. ಟ್ಯುನೀಷಿಯಾದಲ್ಲಿ ಗೋಧಿಗೆ, ಥಾಯ್ಲೆಂಡಿನಲ್ಲಿ ಅಕ್ಕಿಗೆ ಬೆರೆಸಿ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಡೀ ಪ್ರೋಟೀನ್ ಆಂದೋಲನವನ್ನು ಮಹಾ ಎಡವಟ್ಟು ಎಂದು ಕರೆದು ಬರೆದ. ಹಸಿದವರಿಗೆ ಅಮೈನೋ ಆಮ್ಲ ಎಂಬ ಕನಸು ಅಲ್ಲಿಗೆ ಹೆಚ್ಚುಕಮ್ಮಿ ಮಲಗಿತು. ಮಾಡರ್ನ್ ಕಂಪನಿಯನ್ನು 2000ದಲ್ಲಿ ಸರ್ಕಾರ ಹಿಂದೂಸ್ತಾನ್ ಲಿವರ್‌ಗೆ ಮಾರಿತು.

ಲೈಸಿನ್ ಕಾರ್ಖಾನೆಗಳು ಮುಚ್ಚಲಿಲ್ಲ. ಅವಕ್ಕೆ ಮಕ್ಕಳಿಗಿಂತ ಒಳ್ಳೆಯ ಗಿರಾಕಿ ಸಿಕ್ಕಿತು: ಕೋಳಿ ಮತ್ತು ಹಂದಿ. ಮುಸುಕಿನ ಜೋಳ, ಸೋಯಾ ಮೇವಿಗೆ ಲೈಸಿನ್ ಬೆರೆಸಿದರೆ ಬ್ರಾಯ್ಲರ್ ಬೇಗ ತೂಗುತ್ತದೆ. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಮಿಕ್ಕಿ ತಯಾರಾಗುವ ಲೈಸಿನ್ನಿನ ಬಹುಪಾಲು ಹೋಗುವುದು ಅಲ್ಲಿಗೆ. ರಾಗಿ ತಿನ್ನುವ ಮಗುವಿಗೆಂದು ಲೆಕ್ಕ ಹಾಕಿದ್ದ ಪುಡಿ ನಾಮಕ್ಕಲ್ಲಿನ ಕೋಳಿಯ ಹೊಟ್ಟೆ ಸೇರಿ, ಭಾನುವಾರ ನಮ್ಮ ಸಾರಿಗೆ ಬಂದು ಬೀಳುತ್ತಿದೆ.

ಆಟಗಾರರ ಸರದಿ ಬಂದದ್ದು 1980ರ ದಶಕದಲ್ಲಿ. ಆಕ್ಸ್‌ಫರ್ಡಿನ ಎರಿಕ್ ನ್ಯೂಸ್‌ಹೋಮ್ ಎಂಬ ಜೀವರಸಾಯನಜ್ಞ ದಣಿವು ಕಾಲಿನಲ್ಲಿ ಮಾತ್ರವಲ್ಲ, ಮಿದುಳಿನಲ್ಲೂ ಹುಟ್ಟುತ್ತದೆ ಎಂದ. ಬಹಳ ಹೊತ್ತು ಓಡಿದಾಗ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಮೇಲುಗೈ ಪಡೆದು ಮಿದುಳಿಗೆ ನುಗ್ಗಿ ಸೆರೊಟೋನಿನ್ ಆಗುತ್ತದೆ. ಅದೇ ಬಾಗಿಲಿನಿಂದ ಹೋಗುವ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಮೂರನ್ನೂ ಕುಡಿಸಿದರೆ ಟ್ರಿಪ್ಟೊಫ್ಯಾನ್ ಹಿಂದೆ ಉಳಿದು ದಣಿವು ತಡವಾಗಬೇಕು. ಬಿಸಿಎಎ ಎಂದರೆ ಈ ಮೂರೇ. ಸ್ವೀಡನ್ನಿನ ಇವಾ ಬ್ಲೂಮ್‌ಸ್ಟ್ರಾಂಡ್ ತಂಡ ಮ್ಯಾರಥಾನ್ ಓಟಗಾರರಿಗೆ ಅದನ್ನು ಕೊಟ್ಟು 1991ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿಧಾನದವರಿಗೆ ಸ್ವಲ್ಪ ಲಾಭ ಕಂಡಿತು, ವೇಗದವರಿಗೆ ಕಾಣಲಿಲ್ಲ. ಮುಂದಿನ ಎಷ್ಟೋ ಪ್ರಯೋಗಗಳಲ್ಲಿ ಆ ಲಾಭವೂ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ಮಾರುವವನಿಗೆ ನಿಧಾನದವರ ಸ್ವಲ್ಪ ಲಾಭ ಧಾರಾಳವಾಗಿ ಸಾಕು. ಓಡುವವರಲ್ಲಿ ಬಹುಮಂದಿ ನಿಧಾನದವರೇ ತಾನೆ.

ಅದೇ ಟ್ರಿಪ್ಟೊಫ್ಯಾನನ್ನು ಅಮೆರಿಕದಲ್ಲಿ ನಿದ್ದೆಗೆಂದು, ಮನಸ್ಸಿನ ನೆಮ್ಮದಿಗೆಂದು ಮಾತ್ರೆ ಮಾಡಿ ಮಾರುತ್ತಿದ್ದರು. 1989ರಲ್ಲಿ ನ್ಯೂ ಮೆಕ್ಸಿಕೋದ ವೈದ್ಯರಿಗೆ ಅದನ್ನು ನುಂಗಿದವರಲ್ಲಿ ವಿಪರೀತ ಸ್ನಾಯುನೋವು, ರಕ್ತದಲ್ಲಿ ಇಯೋಸಿನೋಫಿಲ್ ಕಣಗಳ ಏರಿಕೆ ಕಂಡಿತು. ರೋಗಿಗಳ ಸಂಖ್ಯೆ 1,500 ದಾಟಿತು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಜಪಾನಿನ ಶೋವಾ ಡೆಂಕೊ ಎಂಬ ಒಂದೇ ಕಂಪನಿಯ ಮಾಲು, ಅದರೊಳಗಿನ ಕಲ್ಮಶ. ಔಷಧದ ಅಂಗಡಿಯವನಾಗಿ ನನಗೆ ಈ ಘಟನೆ ಬಹಳ ಮುಖ್ಯ. ಅಮೈನೋ ಆಮ್ಲ ಊಟದಲ್ಲೇ ಇರುವ ವಸ್ತು, ಅದರಿಂದ ಏನಾಗುತ್ತೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಡಬ್ಬಿಯಲ್ಲಿ ಅದೊಂದೇ ಇದೆ ಎಂದು ಯಾರು ಹೇಳಿದರು? ಮುಂದೆ ಒಲಿಂಪಿಕ್ ಸಮಿತಿಯ ನೆರವಿನಿಂದ ಕಲೋನ್ ನಗರದ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿದಾಗ 94ರಲ್ಲಿ ಹೊರಗೆ ಬರೆಯದೇ ಇದ್ದ ಹಾರ್ಮೋನು ವಸ್ತುಗಳು ಸಿಕ್ಕವು. ಟ್ರಿಪ್ಟೊಫ್ಯಾನ್ ದುರಂತ ಕಂಡ ಮೇಲೂ ಅಮೆರಿಕದ 1994ರ ಕಾನೂನು ಪೂರಕಗಳಿಗೆ ಔಷಧದ ಕಟ್ಟುಪಾಡು ಹಾಕಲಿಲ್ಲ. ಇವತ್ತಿನ ಕಪ್ಪು ಡಬ್ಬಿಗಳ ಮಹಾಪೂರಕ್ಕೆ ತೂಬು ತೆಗೆದದ್ದು ಆ ಕಾನೂನು.

ಜಪಾನಿನಲ್ಲಿ ಇದೇ ಕಾಲಕ್ಕೆ ಒಂದು ಸ್ವಾರಸ್ಯದ ಪ್ರಕರಣ ನಡೆಯಿತು. ಅಲ್ಲಿಯ ರಿಕೆನ್ ಸಂಸ್ಥೆಯ ಅಬೆ ತಕಾಶಿ ದೈತ್ಯ ಕಣಜಗಳ ಬೆನ್ನು ಹತ್ತಿದ್ದ. ಬೆಳೆದ ಕಣಜ ಗಟ್ಟಿ ಆಹಾರ ತಿನ್ನಲಾರದು. ಬೇಟೆಯನ್ನು ಅಗಿದು ಮರಿಗೆ ಕೊಡುತ್ತದೆ, ಮರಿ ಬಾಯಿಂದ ಬಿಡುವ ರಸವನ್ನು ತಾನು ಕುಡಿದು ದಿನಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಆ ರಸದಲ್ಲಿನ ಅಮೈನೋ ಆಮ್ಲಗಳನ್ನು ಅದೇ ಪ್ರಮಾಣದಲ್ಲಿ ಬೆರೆಸಿ ಮೇಜಿ ಕಂಪನಿ 1995ರಲ್ಲಿ ‘ವಾಮ್’ ಎಂಬ ಪಾನೀಯ ತಂದಿತು. 2000ದ ಸಿಡ್ನಿ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ತಕಾಹಾಶಿ ನವೊಕೊ ಚಿನ್ನ ಗೆದ್ದಳು, 2 ಗಂಟೆ 23 ನಿಮಿಷ 14 ಸೆಕೆಂಡು. ಅವಳು ಅದನ್ನು ಕುಡಿಯುತ್ತಿದ್ದಳು ಎಂಬ ಸುದ್ದಿ ಹಬ್ಬಿತು, ಜಪಾನಿನ ಅಂಗಡಿಗಳಲ್ಲಿ ಅಮೈನೋ ಆಮ್ಲದ ನೀರು ಸೋಡಾದಂತೆ ಖರ್ಚಾಯಿತು. ಗೆದ್ದದ್ದು ಅವಳ ತರಬೇತಿಯೋ ಕಣಜದ ಎಂಜಲೋ ಎಂದು ಕೇಳುವ ತಾಳ್ಮೆ ಗಿರಾಕಿಗೆ ಎಲ್ಲಿರುತ್ತದೆ.

ಹಾಗಾದರೆ ವ್ಯಾಯಾಮಕ್ಕೆ ಅಮೈನೋ ಆಮ್ಲದಿಂದ ಏನೂ ಇಲ್ಲವೇ? ಇದೆ, ಅಳತೆಯಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2018ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಸಾಧನೆ ಹೆಚ್ಚಿಸುತ್ತವೆ ಎಂಬುದಕ್ಕೆ ಒಳ್ಳೆಯ ಪುರಾವೆ ಇರುವ ಬೆರಳೆಣಿಕೆಯ ಪೂರಕಗಳಲ್ಲಿ ಬೀಟಾ-ಅಲನಿನ್ ಎಂಬ ಅಮೈನೋ ಆಮ್ಲವೂ ಇದೆ, ಅಮೈನೋ ಆಮ್ಲಗಳಿಂದಲೇ ಮೈಯಲ್ಲಿ ತಯಾರಾಗುವ ಕ್ರಿಯಾಟಿನೂ ಇದೆ. ಬೀಟಾ-ಅಲನಿನ್ ವಾರಗಟ್ಟಲೆ ತೆಗೆದುಕೊಂಡರೆ ಸ್ನಾಯುವಿನಲ್ಲಿ ಕಾರ್ನೋಸಿನ್ ಹೆಚ್ಚಿ, ಜೋರಾಗಿ ಒಂದೆರಡು ನಿಮಿಷ ದುಡಿಯುವಾಗ ಹುಟ್ಟುವ ಆಮ್ಲೀಯತೆಯನ್ನು ತಡೆಯುತ್ತದೆ. ಒಟ್ಟಿಗೆ ಜಾಸ್ತಿ ತೆಗೆದುಕೊಂಡವರಿಗೆ ಮುಖ, ಕೈ ಜುಮ್ಮೆನ್ನುತ್ತದೆ. ಅಲರ್ಜಿ ಆಯಿತೆಂದು ಹೆದರಿ ನಮ್ಮಲ್ಲಿಗೆ ಓಡಿಬಂದ ಹುಡುಗರನ್ನು ಕೂರಿಸಿ ನೀರು ಕೊಟ್ಟದ್ದುಂಟು. ಬಿಸಿಎಎ ಆ ಪಟ್ಟಿಯಲ್ಲಿ ಇಲ್ಲ. ಲ್ಯೂಸಿನ್ ಸ್ನಾಯು ಕಟ್ಟುವ ಕೆಲಸವನ್ನು ಚಾಲೂ ಮಾಡುತ್ತದೆ, ಅದು ನಿಜ. ಉಳಿದ ಅವಶ್ಯಕ ಆಮ್ಲಗಳು ಇಲ್ಲದಿದ್ದರೆ ಮೇಸ್ತ್ರಿಯನ್ನು ಕರೆಸಿ ಇಟ್ಟಿಗೆ ತರಿಸದೆ ಕೂತ ಹಾಗೆ.

ನನಗೆ ಎಲ್ಲಕ್ಕಿಂತ ವಿಚಿತ್ರ ಎನಿಸುವುದು ಇದು. ಬಿಸಿಎಎಯ ಮೂರರ ಪೈಕಿ ಹೆಚ್ಚು ಹೊಗಳಿಸಿಕೊಳ್ಳುವ ಲ್ಯೂಸಿನ್ ನಮ್ಮ ಧಾನ್ಯಗಳಲ್ಲಿ ಕೊರತೆಯೇ ಅಲ್ಲ. ಜೋಳದಲ್ಲಂತೂ ಎಷ್ಟಿದೆ ಎಂದರೆ, ದಖನ್ನಿನ ಜೋಳ ತಿನ್ನುವ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರಾ ಎಂಬ ಕೊರತೆಯ ರೋಗಕ್ಕೆ ಅದರ ಹೆಚ್ಚುವರಿ ಲ್ಯೂಸಿನ್ ಕಾರಣವಿರಬಹುದೆಂದು ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲೇ ಬರೆದಿದ್ದರು. ಆ ವಾದವನ್ನು ಮುಂದೆ ಹಲವರು ಒಪ್ಪಲಿಲ್ಲ, ಅದು ಬೇರೆ ಮಾತು. ಧಾನ್ಯದಲ್ಲಿ ಕೊರತೆ ಇರುವುದು ಲೈಸಿನ್. ಮಹಾ ಎಡವಟ್ಟು ಎಂದು ಮೂಲೆಗೆ ಸರಿಸಿದ್ದ ಆ ಪ್ರಶ್ನೆಯನ್ನು ಮತ್ತೆ ಎತ್ತಿದ್ದು ಬೆಂಗಳೂರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು, ಅಮೆರಿಕದ ಎಂಐಟಿಯ ವೆರ್ನನ್ ಯಂಗ್ ಜೊತೆಗೂಡಿ, ಭಾರತೀಯ ಗಂಡಸರಿಗೆ ಅಳೆದ ಊಟ ಕೊಟ್ಟು, ಇಂಗಾಲ-13 ಗುರುತು ಹಾಕಿದ ಲ್ಯೂಸಿನ್ ಮೈಗೆ ಹರಿಸಿ, ಹಗಲೂ ರಾತ್ರಿ ಇಪ್ಪತ್ತನಾಲ್ಕು ಗಂಟೆ ಅವರ ಉಸಿರನ್ನು ಹಿಡಿದು ಪರೀಕ್ಷಿಸಿದರು. ಲೈಸಿನ್ ಸಾಲದಿದ್ದರೆ ಗುರುತಿನ ಲ್ಯೂಸಿನ್ ಬಳಕೆಯಾಗದೆ ಉರಿದು ಉಸಿರಿನಲ್ಲಿ ಹೊರಬರುತ್ತದೆ, ಸಾಕಾದ ಕ್ಷಣ ಆ ಸೋರಿಕೆ ತಗ್ಗಿ ಸಮಕ್ಕೆ ನಿಲ್ಲುತ್ತದೆ. 1985ರ ಅಂತರರಾಷ್ಟ್ರೀಯ ಲೆಕ್ಕದಲ್ಲಿ ವಯಸ್ಕರಿಗೆ ಮೈತೂಕದ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕೆಂದಿತ್ತು. ಈ ಪ್ರಯೋಗಗಳಲ್ಲಿ ಅದು 30ರ ಹತ್ತಿರ ಬಂತು. ಕೊಳೆಗೇರಿಯ ಕೃಶ ಗಂಡಸರಲ್ಲಿ ಇನ್ನೂ ಹೆಚ್ಚು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ 30ನ್ನೇ ಒಪ್ಪಿತು. ಚೆಲುವಾಂಬ ಮಹಲಿನವರ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ ಎಂದಾಯಿತು. ಹಸಿವೆಯ ಪ್ರಶ್ನೆ ಗೋಪಾಲನ್ ಹೇಳಿದಂತೆ ಮೊದಲನೆಯದು. ಹೊಟ್ಟೆ ತುಂಬಿದ ಮೇಲೂ ಬರೀ ಧಾನ್ಯ ತಿನ್ನುವವನಿಗೆ ಲೈಸಿನ್ನಿನ ಪ್ರಶ್ನೆ ಉಳಿದೇ ಇರುತ್ತದೆ.

ಮೊನ್ನೆ ಹಾಸ್ಟೆಲ್ಲಿನ ಹುಡುಗನೊಬ್ಬ ಬಿಸಿಎಎ ಕೇಳಿಕೊಂಡು ಬಂದ. ಕೌಂಟರಿನಲ್ಲಿ ನಾನೇ ಇದ್ದೆ, ಗಿರಾಕಿಗಳೂ ಇರಲಿಲ್ಲ. ಏನು ತಿನ್ನುತ್ತೀಯಪ್ಪ ಎಂದೆ. ಮೂರು ಹೊತ್ತೂ ಚಪಾತಿ, ಪಲ್ಯ. ಮೆಸ್ಸಿನ ಬೇಳೆ ಸಾರು ನೀರು, ಅದನ್ನು ಮುಟ್ಟಲ್ಲ ಎಂದ. ಅರವತ್ತು ಕಿಲೋ ಇದ್ದಾನೆ. ಬಿಲ್ಲಿನ ಹಿಂದೆ ಬರೆದು ತೋರಿಸಿದೆ: ನಿನಗೆ ದಿನಕ್ಕೆ 1,800 ಮಿಲಿಗ್ರಾಂ ಲೈಸಿನ್ ಬೇಕು. ನೂರು ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 300. ನೀನು 400 ಗ್ರಾಂ ಹಿಟ್ಟಿನ ಚಪಾತಿ ತಿಂದರೂ 1,200 ಮುಟ್ಟಿದರೆ ಹೆಚ್ಚು. ಅರ್ಧ ಲೀಟರ್ ಹಾಲು ಕುಡಿದರೆ ಮಿಕ್ಕದ್ದು ತುಂಬಿ ಮೇಲೂ ಆಗುತ್ತದೆ. ಗಟ್ಟಿ ತೊಗರಿಬೇಳೆ ಒಂದು ದೊಡ್ಡ ಬಟ್ಟಲು ಆದರೂ ನಡೆಯುತ್ತೆ. ನೀನು ಕೇಳುತ್ತಿರುವ ಡಬ್ಬಿಯಲ್ಲಿ ಲೈಸಿನ್ ಸೊನ್ನೆ, ನೀನೇ ಓದಿಕೋ. ಅವನು ಡಬ್ಬಿ ತಿರುಗಿಸಿ ಸಣ್ಣ ಅಕ್ಷರಗಳನ್ನು ಗಮನವಿಟ್ಟು ಓದಿದ. ಲೆಕ್ಕ ಬರೆದಿದ್ದ ಚೀಟಿಯ ಫೋಟೋ ತೆಗೆದುಕೊಂಡ. ಆಮೇಲೆ, ಅಂಕಲ್, ಇದರಲ್ಲೇ ಮಾವಿನಹಣ್ಣಿನ ಫ್ಲೇವರ್ ಇದೆಯಾ ಎಂದ.